ಹಾರದೆ ಕೂತ ಹಕ್ಕಿಯ ಲೆಕ್ಕಾಚಾರ

ಓದುಗರ ಪ್ರಶ್ನೆ: ನಾನು ದಿನಾ ನಡೆದಾಡುವ ರಸ್ತೆಯ ಕಾಗೆ ಎರಡು ಹೆಜ್ಜೆ ದೂರದಲ್ಲಿ ಹಾದುಹೋದರೂ ಕದಲುವುದಿಲ್ಲ. ಅದೇ ಜಾತಿಯ ಕಾಗೆ ಊರಾಚೆಯ ಬಯಲಲ್ಲಿ ಐವತ್ತು ಹೆಜ್ಜೆ ಇರುವಾಗಲೇ ಎದ್ದುಹೋಗುತ್ತದೆ. ಪಕ್ಕದಲ್ಲಿ ನಡೆದರೆ ಸುಮ್ಮನಿರುವ ಹಕ್ಕಿ, ನಿಂತು ಕ್ಯಾಮೆರಾ ಎತ್ತಿದ ಕೂಡಲೇ ಹಾರುವುದೂ ಇದೆ. ಹಕ್ಕಿಗಳು ಮನುಷ್ಯರಿಗೆ ಒಗ್ಗಿಕೊಳ್ಳುವುದು ಹೇಗೆ? ಅವು ನನ್ನನ್ನು ಗುರುತು ಹಿಡಿಯುತ್ತವೆಯೇ? ಹಾರದೆ ಕೂತಿದೆ ಎಂದರೆ ಅದಕ್ಕೆ ನನ್ನಿಂದ ತೊಂದರೆಯಿಲ್ಲ ಎಂದುಕೊಂಡು ಇನ್ನೂ ಹತ್ತಿರ ಹೋಗಬಹುದೇ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಕ್ಯಾಮೆರಾ ಹಿಡಿದವರು ಮಾತ್ರವಲ್ಲ, ನನ್ನಂತೆ ಹಕ್ಕಿಗಳ ನಡವಳಿಕೆಯನ್ನೇ ಅಧ್ಯಯನ ಮಾಡುವವರೂ ಬಹಳ ಕಾಲ ಎಡವಿದ್ದು ಅಲ್ಲೇ. ಹಕ್ಕಿ ಹಾರಲಿಲ್ಲ ಎಂದರೆ ಹೆದರಲಿಲ್ಲ ಎಂದಲ್ಲ. ಹಾರಿದರೆ ಆಗುವ ನಷ್ಟ, ಕೂತಿದ್ದರೆ ಬರಬಹುದಾದ ಅಪಾಯಕ್ಕಿಂತ ದೊಡ್ಡದು ಎಂದು ಆ ಹೊತ್ತಿಗೆ ಅದಕ್ಕೆ ಕಂಡಿದೆ, ಅಷ್ಟೆ. ಈ ಒಂದು ಮಾತು ಮನಸ್ಸಿನಲ್ಲಿದ್ದರೆ ರಸ್ತೆಯ ಕಾಗೆ, ಬಯಲ ಕಾಗೆ, ಕ್ಯಾಮೆರಾ ಎಲ್ಲದರ ಗಂಟೂ ಸಡಿಲವಾಗುತ್ತದೆ.

ಹೆದರಿಕೆಯನ್ನು ನೇರವಾಗಿ ಅಳೆಯುವುದು ಕಷ್ಟ. ಸುಲಭವಾಗಿ ಅಳೆಯಲು ಸಿಗುವುದು ದೂರ. ಸ್ವಿಸ್ ಪ್ರಾಣಿಶಾಸ್ತ್ರಜ್ಞ ಹೈನಿ ಹೆಡಿಗರ್ 1930ರ ದಶಕದಲ್ಲೇ ಈ ದಾರಿ ತೋರಿದ್ದರು: ಪ್ರತಿ ಕಾಡುಪ್ರಾಣಿಯ ಸುತ್ತ ಕಾಣದ ಗೆರೆಯೊಂದಿದೆ, ಶತ್ರು ಅದನ್ನು ದಾಟಿದಾಗ ಪ್ರಾಣಿ ಜಾಗ ಬಿಡುತ್ತದೆ. ನಮ್ಮ ಕೆಲಸ ಇವತ್ತಿಗೂ ಹೆಚ್ಚುಕಡಿಮೆ ಹಾಗೆಯೇ ನಡೆಯುತ್ತದೆ. ಜೇಬಿನಲ್ಲಿ ಒಂದಷ್ಟು ಗುರುತಿನ ಬಿಲ್ಲೆ ಹಾಕಿಕೊಂಡು, ನೆಮ್ಮದಿಯಾಗಿ ಮೇಯುತ್ತಿರುವ ಹಕ್ಕಿಯೊಂದನ್ನು ಆರಿಸಿ, ಅದರತ್ತ ಒಂದೇ ಸಮನೆ ನೇರವಾಗಿ ನಡೆಯುತ್ತೇವೆ. ಹೊರಟ ಜಾಗದಲ್ಲಿ ಒಂದು ಬಿಲ್ಲೆ. ಹಕ್ಕಿ ಮೇವು ಬಿಟ್ಟು ತಲೆ ಎತ್ತಿದಾಗ ನಾವಿದ್ದಲ್ಲಿ ಇನ್ನೊಂದು. ಅದು ಹಾರಿದಾಗ ಮತ್ತೊಂದು. ಆಮೇಲೆ ಹಕ್ಕಿ ಕೂತಿದ್ದ ಜಾಗದಿಂದ ಒಂದೊಂದು ಬಿಲ್ಲೆಗೂ ಅಳತೆ. ಎರಡನೆಯ ಬಿಲ್ಲೆ ಎಚ್ಚರದ ದೂರ, ಮೂರನೆಯದು ಹಾರುವ ದೂರ. ದಾರಿಹೋಕರಿಗೆ ಇದು ಹುಚ್ಚರ ಆಟದಂತೆ ಕಾಣುತ್ತದೆ. ನೂರಾರು ಜಾತಿಗಳ ಅಂಜಿಕೆಯ ಬಗ್ಗೆ ನಮಗೆ ಗೊತ್ತಿರುವ ಬಹುಪಾಲು ಸಂಗತಿ ಬಂದದ್ದು ಈ ಆಟದಿಂದಲೇ.

ಇಲ್ಲಿ ಸ್ವಾರಸ್ಯವಿರುವುದು ಎರಡನೆಯ ಮತ್ತು ಮೂರನೆಯ ಬಿಲ್ಲೆಗಳ ನಡುವಿನ ಜಾಗದಲ್ಲಿ. ಹಕ್ಕಿ ನಿಮ್ಮನ್ನು ನೋಡಿಯಾಗಿದೆ, ಆದರೂ ಹಾರಿಲ್ಲ. ಹಾಗಾದರೆ ಏನು ಮಾಡುತ್ತಿದೆ? ಕೆನಡಾದ ರೊನಾಲ್ಡ್ ಯಿಡೆನ್‌ಬರ್ಗ್ ಮತ್ತು ಲಾರೆನ್ಸ್ ಡಿಲ್ 1986ರಲ್ಲಿ ಇದಕ್ಕೊಂದು ಉತ್ತರ ಕೊಟ್ಟರು: ಅದು ವ್ಯವಹಾರ ನೋಡುತ್ತಿದೆ. ಶತ್ರು ಹತ್ತಿರವಾದಷ್ಟೂ ಕೂತಿರುವುದರ ಅಪಾಯ ಏರುತ್ತದೆ. ಆದರೆ ಹಾರಿದರೂ ನಷ್ಟವೇ. ಮೇವು ಕೈತಪ್ಪುತ್ತದೆ, ರೆಕ್ಕೆ ಬಡಿಯಲು ಶಕ್ತಿ ಖರ್ಚಾಗುತ್ತದೆ, ಗೂಡಿನ ಮೊಟ್ಟೆ ತಣ್ಣಗಾಗುತ್ತದೆ, ಬಿಟ್ಟ ಜಾಗವನ್ನು ಇನ್ನೊಂದು ಹಕ್ಕಿ ಹಿಡಿಯುತ್ತದೆ. ಅಪಾಯದ ತಟ್ಟೆ ನಷ್ಟದ ತಟ್ಟೆಗಿಂತ ಭಾರವಾದ ಕ್ಷಣ ಹಕ್ಕಿ ಹಾರುತ್ತದೆ. ಲೆಕ್ಕ ಎಂದ ಮಾತ್ರಕ್ಕೆ ಹಕ್ಕಿ ಕೂಡಿಸಿ ಕಳೆಯುತ್ತಿದೆ ಎಂದುಕೊಳ್ಳಬೇಡಿ. ತಪ್ಪು ಲೆಕ್ಕ ಹಾಕಿದ ಹಕ್ಕಿಗಳ ಸಂತತಿ ಉಳಿಯಲಿಲ್ಲ, ಉಳಿದವುಗಳ ಮೈಯಲ್ಲೇ ಲೆಕ್ಕ ಇಳಿದಿದೆ. ಅದರಲ್ಲೂ ಒಂದು ವಾಲುವಿಕೆ ಇದೆ. ಹಗ್ಗವನ್ನು ಹಾವೆಂದು ತಿಳಿದು ಹಾರಿದರೆ ಹೋಗುವುದು ಒಂದು ಹೊತ್ತಿನ ಮೇವು. ಹಾವನ್ನು ಹಗ್ಗವೆಂದು ತಿಳಿದು ಕೂತರೆ ಹೋಗುವುದು ಪ್ರಾಣ. ಹಾಗಾಗಿ ಗುರುತು ಪರಿಚಯ ಇಲ್ಲದ ಕಡೆ ಹಕ್ಕಿಗಳು ಅತಿಯಾಗಿಯೇ ಅಂಜುತ್ತವೆ.

ಈ ಲೆಕ್ಕ ಎಷ್ಟು ದಾರಿ ತಪ್ಪಿಸಬಲ್ಲದು ಎಂಬುದಕ್ಕೆ ನನಗೆ ಅಚ್ಚುಮೆಚ್ಚಿನ ಉದಾಹರಣೆ ಟರ್ನ್‌ಸ್ಟೋನ್ ಎಂಬ ಕಡಲತೀರದ ಪುಟ್ಟ ಹಕ್ಕಿಯದು. ಹೆಸರೇ ಹೇಳುವಂತೆ ಕಲ್ಲು ಮಗುಚಿ ಹುಳುಹುಪ್ಪಟೆ ಹುಡುಕುವುದು ಅದರ ಕಸುಬು. ಕಾಲಿನ್ ಬೀಲ್ ಮತ್ತು ಪ್ಯಾಟ್ ಮೊನಾಹನ್ 2004ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವು ಟರ್ನ್‌ಸ್ಟೋನ್‌ಗಳಿಗೆ ಕೆಲವು ದಿನ ಹೆಚ್ಚುವರಿ ಹುಳು ಹಾಕಿದರು, ಇನ್ನು ಕೆಲವಕ್ಕೆ ಹಾಕಲಿಲ್ಲ. ಆಮೇಲೆ ಎರಡೂ ಗುಂಪುಗಳತ್ತ ಒಂದೇ ರೀತಿ ನಡೆದುಹೋದರು. ಬೇಗ ಹಾರಿದ್ದು, ಹೆಚ್ಚು ದೂರ ಹೋಗಿ ಕೂತದ್ದು, ಪದೇಪದೇ ತಲೆ ಎತ್ತಿ ನೋಡಿದ್ದು ಹೊಟ್ಟೆ ತುಂಬಿದ ಹಕ್ಕಿಗಳು. ಹಸಿದವು ಕೊನೆಯವರೆಗೂ ಮೇಯುತ್ತಲೇ ಇದ್ದವು. ಈಗ ಯೋಚಿಸಿ: ಆ ತೀರದಲ್ಲಿ ನೀವು ನಡೆದುಹೋಗಿದ್ದರೆ ಯಾವ ಹಕ್ಕಿಯನ್ನು ಧೈರ್ಯಶಾಲಿ, ಮನುಷ್ಯರಿಗೆ ಹೊಂದಿಕೊಂಡದ್ದು ಎನ್ನುತ್ತಿದ್ದಿರಿ? ಹಸಿದದ್ದನ್ನೇ. ಅದಕ್ಕೆ ಹಾರುವಷ್ಟು ಶ್ರೀಮಂತಿಕೆ ಇರಲಿಲ್ಲ. ಯಾವ ಜಾತಿಗೆ ಹೆಚ್ಚು ರಕ್ಷಣೆ ಬೇಕು ಎಂದು ಹಾರುವ ದೂರವೊಂದನ್ನೇ ನೋಡಿ ತೀರ್ಮಾನಿಸುವವರು ಈ ಪ್ರಯೋಗವನ್ನು ಮರೆಯಬಾರದು.

ಲೆಕ್ಕದಲ್ಲಿ ಏನೇನು ಸೇರುತ್ತದೆ ಎಂಬ ಪಟ್ಟಿ ಉದ್ದವಿದೆ, ಮುಖ್ಯವಾದವನ್ನಷ್ಟೇ ಹೇಳುತ್ತೇನೆ. ದೊಡ್ಡ ಮೈಯ ಹಕ್ಕಿಗಳು ಸಾಮಾನ್ಯವಾಗಿ ಹೆಚ್ಚು ದೂರದಿಂದಲೇ ಹಾರುತ್ತವೆ. ಭಾರದ ಮೈಯನ್ನು ನೆಲದಿಂದ ಎಬ್ಬಿಸಲು ಹೊತ್ತು ಬೇಕು. ಗುಬ್ಬಚ್ಚಿ ಚಿಮ್ಮಿದಂತೆ ಕೊಕ್ಕರೆ ಚಿಮ್ಮಲಾರದು. ಡೇನಿಯಲ್ ಬ್ಲಮ್‌ಸ್ಟೀನ್ 2006ರಲ್ಲಿ 150 ಜಾತಿಗಳನ್ನು ಹೋಲಿಸಿ ನೋಡಿದಾಗ, ಜೀವಂತ ಬೇಟೆಯನ್ನು ಹಿಡಿದು ತಿನ್ನುವ ಹಕ್ಕಿಗಳೂ ಹೆಚ್ಚು ಅಂಜುಬುರುಕ ಎಂದು ಕಂಡಿತು. ಸುತ್ತಲಿನ ಚಲನೆಯನ್ನು ಹಿಡಿಯಲೆಂದೇ ಪಳಗಿದ ಕಣ್ಣಿಗೆ ನೀವು ಬೇಗ ಬೀಳುತ್ತೀರಿ. ಅದಕ್ಕೂ ಮೊದಲು ಅವರೇ ಗಮನಿಸಿದ ಇನ್ನೊಂದು ಸಂಗತಿ ಇದೆ: ನೀವು ಹೆಚ್ಚು ದೂರದಿಂದ ನಡೆಯಲು ಶುರು ಮಾಡಿದಷ್ಟೂ ಹಕ್ಕಿ ಹೆಚ್ಚು ದೂರದಲ್ಲೇ ಹಾರುತ್ತದೆ. ದೂರದಿಂದ ತನ್ನತ್ತಲೇ ಬರುತ್ತಿರುವವನ ಮೇಲೆ ಕಣ್ಣಿಟ್ಟುಕೊಂಡು ಕೂರುವುದೂ ಒಂದು ಖರ್ಚೇ. ಕಣ್ಣು ನಿಮ್ಮ ಮೇಲಿದ್ದರೆ ಮೇವಿನ ಮೇಲಿರುವುದಿಲ್ಲ. ಅಷ್ಟು ಕಾಯುವ ಬದಲು ಬೇಗ ಎದ್ದುಹೋಗುವುದೇ ಲಾಭ. ನಿಮ್ಮ ಬಯಲ ಕಾಗೆಯ ವಿಷಯದಲ್ಲಿ ಇದೂ ಒಂದು ಕಾರಣ. ಬಯಲಲ್ಲಿ ನೀವು ಬಹು ದೂರದಿಂದಲೇ ಕಾಣುತ್ತೀರಿ. ರಸ್ತೆಯ ತಿರುವಿನಲ್ಲಿ ದಿಢೀರನೆ ಎದುರಾಗುತ್ತೀರಿ.

ಹಕ್ಕಿ ನೋಡುವುದು ನಿಮ್ಮನ್ನು ಮಾತ್ರವಲ್ಲ, ಜಾಗವನ್ನೂ. ಫ್ರಾನ್ಸಿನ ಪಿಯರ್ ಲೆಗಾನ್ಯೂ ಮತ್ತು ಸಿಮೋನ್ ಡುಕಾಟೆ ಎಂಬ ಸಂಶೋಧಕರು ತಮ್ಮ ಕಾರು ಓಡಿಸಿಕೊಂಡೇ ಅಳತೆ ಮಾಡಿದರು, ರಸ್ತೆಯ ಮೇಲೆ ಕೂತ ಹಕ್ಕಿ ಕಾರು ಎಷ್ಟು ದೂರವಿದ್ದಾಗ ಹಾರುತ್ತದೆ ಎಂದು. 2013ರಲ್ಲಿ ಪ್ರಕಟವಾದ ಫಲಿತಾಂಶ ತಮಾಷೆಯಾಗಿದೆ: ವೇಗಮಿತಿ ಹೆಚ್ಚಿರುವ ರಸ್ತೆಯಲ್ಲಿ ಹಕ್ಕಿಗಳು ಹೆಚ್ಚು ದೂರದಿಂದಲೇ ಹಾರುತ್ತಿದ್ದವು, ಆದರೆ ಅವರ ಕಾರು ಆ ಹೊತ್ತಿಗೆ ಎಷ್ಟು ವೇಗದಲ್ಲಿತ್ತು ಎಂಬುದಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ. ಹಕ್ಕಿಗಳು ಫಲಕ ಓದುತ್ತಿರಲಿಲ್ಲ ನಿಜ, ಆದರೆ ಈ ರಸ್ತೆಯಲ್ಲಿ ಬರುವ ವಾಹನಗಳು ಸಾಮಾನ್ಯವಾಗಿ ಎಷ್ಟು ರಭಸದವು ಎಂಬ ಅಂದಾಜು ಅವಕ್ಕೆ ಇದ್ದಂತಿತ್ತು. ಒಂದೊಂದು ವಾಹನವನ್ನೂ ಹೊಸದಾಗಿ ಅಳೆಯುವ ಗೋಜಿಗೆ ಹೋಗದೆ ಜಾಗಕ್ಕೊಂದು ನಿಯಮ ಮಾಡಿಕೊಂಡಿದ್ದವು. ನಿಮ್ಮ ರಸ್ತೆಯ ಕಾಗೆಯದೂ ಇದೇ ಜಾಣತನ. ಇಲ್ಲಿ ಜನ ಹಾದುಹೋಗುತ್ತಾರೆ, ಯಾರೂ ನಿಲ್ಲುವುದಿಲ್ಲ ಎಂಬುದು ಆ ಜಾಗದ ನಿಯಮ.

ಕ್ಯಾಮೆರಾ ಎತ್ತಿದಾಗ ನೀವು ಮುರಿದದ್ದು ಈ ನಿಯಮವನ್ನೇ. ನಡೆಯುತ್ತಿದ್ದವನು ನಿಂತ. ನಿಂತವನು ತಿರುಗಿದ. ತಿರುಗಿದವನು ನೆಟ್ಟ ನೋಟದಿಂದ ನೋಡಿದ. ಬೇಟೆಯಾಡುವ ಪ್ರಾಣಿ ಮಾಡುವುದೂ ಇದೇ ಮೂರು ಕೆಲಸ, ಇದೇ ಕ್ರಮದಲ್ಲಿ. ನೋಟದ ವಿಚಾರದಲ್ಲಿ ಪುರಾವೆ ಗಟ್ಟಿಯಾಗಿದೆ. ಬ್ರಿಟನ್ನಿನಲ್ಲಿ 2008ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಸ್ಟಾರ್ಲಿಂಗ್ ಹಕ್ಕಿಗಳ ಮೇವಿನ ತಟ್ಟೆಯ ಬಳಿ ಒಬ್ಬರು ನಿಂತಿದ್ದರು. ಅವರ ಕಣ್ಣು ತಟ್ಟೆಯ ಕಡೆಗಿದ್ದರೆ ಹಕ್ಕಿಗಳು ಮೇವಿಗೆ ಬರಲು ತಡಮಾಡುತ್ತಿದ್ದವು, ಬೇರೆಡೆಗಿದ್ದರೆ ಬೇಗ ಬರುತ್ತಿದ್ದವು. 2019ರಲ್ಲಿ ಇಂಗ್ಲೆಂಡಿನ ಕಡಲತೀರದಲ್ಲಿ ಹೆರಿಂಗ್ ಗಲ್ ಎಂಬ ಕಡಲಹಕ್ಕಿಗಳ ಮುಂದೆ ತಿಂಡಿಯ ಪೊಟ್ಟಣ ಇಟ್ಟು ಇದನ್ನೇ ಪರೀಕ್ಷಿಸಿದರು. ದಿಟ್ಟಿಸಿ ನೋಡುತ್ತಿದ್ದಾಗ ಹಕ್ಕಿ ಪೊಟ್ಟಣದ ಹತ್ತಿರ ಬರಲು ಸರಾಸರಿ 21 ಸೆಕೆಂಡು ಹೆಚ್ಚು ತೆಗೆದುಕೊಂಡಿತು. ಜನರ ಕೈಯಿಂದಲೇ ತಿಂಡಿ ಕಸಿಯುವುದಕ್ಕೆ ಕುಖ್ಯಾತವಾದ ಹಕ್ಕಿಯೂ ನೋಟಕ್ಕೆ ಇಷ್ಟು ಬೆಲೆ ಕೊಡುತ್ತದೆ. ಇನ್ನು ಮಸೂರದ ದೊಡ್ಡ ಕಪ್ಪು ಗಾಜನ್ನು ಹಕ್ಕಿ ಕಣ್ಣೆಂದು ತಿಳಿಯುತ್ತದೆಯೇ ಎಂದು ಹಲವರು ಕೇಳುತ್ತಾರೆ. ನನಗೆ ಅಷ್ಟು ದೂರ ಹೋಗುವ ಅಗತ್ಯ ಕಾಣುವುದಿಲ್ಲ. ದಿಢೀರನೆ ಮೇಲೆದ್ದ ಎರಡು ತೋಳುಗಳೇ ಹಾರಲು ಸಾಕಷ್ಟು ಕಾರಣ.

ಗುರುತು ಹಿಡಿಯುತ್ತವೆಯೇ ಎಂಬ ಪ್ರಶ್ನೆಗೆ ಉತ್ತರ, ಕೆಲವು ಜಾತಿಗಳ ಮಟ್ಟಿಗೆ, ಹೌದು, ಮತ್ತು ನಾವು ಊಹಿಸುವುದಕ್ಕಿಂತ ಚೆನ್ನಾಗಿ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಜಾನ್ ಮಾರ್ಝ್‌ಲಫ್ ಮತ್ತು ಸಂಗಡಿಗರು 2006ರಲ್ಲಿ ಸಿಯಾಟಲ್ ನಗರದ ತಮ್ಮ ಆವರಣದಲ್ಲಿ ಆದಿಮಾನವನ ರಬ್ಬರ್ ಮುಖವಾಡ ತೊಟ್ಟು ಏಳು ಕಾಗೆಗಳನ್ನು ಹಿಡಿದು, ಕಾಲಿಗೆ ಬಳೆ ತೊಡಿಸಿ ಬಿಟ್ಟರು. ಆಮೇಲೆ ಆ ಮುಖವಾಡ ತೊಟ್ಟು ಯಾರೇ ನಡೆದರೂ, ಅವರು ಗಂಡಸಾಗಲಿ ಹೆಂಗಸಾಗಲಿ, ಕಾಗೆಗಳು ಮುತ್ತಿಗೆ ಹಾಕಿ ಬೈಯತೊಡಗಿದವು. ಹೋಲಿಕೆಗೆಂದು ಬಳಸಿದ ಇನ್ನೊಂದು ಮುಖವಾಡವನ್ನು, ಅದು ಆಗಿನ ಉಪಾಧ್ಯಕ್ಷ ಡಿಕ್ ಚೇನಿಯವರದು, ಅವು ಹೆಚ್ಚಾಗಿ ಗಮನಿಸಲೇ ಇಲ್ಲ. ವರ್ಷಗಳು ಉರುಳಿದಂತೆ ಬೈಯುವ ಕಾಗೆಗಳ ಸಂಖ್ಯೆ ಕಡಿಮೆಯಾಗುವ ಬದಲು ಹೆಚ್ಚಾಯಿತು. ಬೈದವುಗಳಲ್ಲಿ ಬಹುಪಾಲು ಎಂದೂ ಬಲೆಗೆ ಬಿದ್ದವೇ ಅಲ್ಲ. ಮಕ್ಕಳು ತಂದೆತಾಯಿಯಿಂದ ಕಲಿತವು, ನೆರೆಯವು ಗಲಾಟೆ ನೋಡಿ ಕಲಿತವು. ಸೇಡಿನ ಕಥೆಯಾಗಿ ಇದನ್ನು ಹೇಳುವವರಿದ್ದಾರೆ. ನಾನು ಹಾಗೆ ನೋಡುವುದಿಲ್ಲ. ಹತ್ತು ಸಾವಿರ ನಿರಪಾಯಕಾರಿ ಮುಖಗಳ ನಡುವೆ ಒಂದೇ ಒಂದು ಅಪಾಯಕಾರಿ ಮುಖವನ್ನು ಬೇರ್ಪಡಿಸಬಲ್ಲ ಹಕ್ಕಿ, ಉಳಿದವರ ನಡುವೆ ನಿರಾತಂಕವಾಗಿ ಮೇಯಬಹುದು. ಗುರುತಿನ ಶಕ್ತಿಯಿಂದ ಸಿಗುವ ದೊಡ್ಡ ಲಾಭ ಅದು. ನಿಮ್ಮ ರಸ್ತೆಯ ಕಾಗೆ ನಿಮಗೆ ಹೆದರದಿರುವುದೂ ಯಾರಿಗೆ ಹೆದರಬೇಕೆಂದು ಅದಕ್ಕೆ ಗೊತ್ತಿರುವುದೂ ಒಂದೇ ಜಾಣ್ಮೆಯ ಎರಡು ಮಗ್ಗುಲು ಇದ್ದೀತು.

ಕಾಗೆ ಬುದ್ಧಿವಂತ, ಬಿಡಿ, ಎನ್ನಬಹುದು. ಆದರೆ ಫ್ಲಾರಿಡಾ ವಿಶ್ವವಿದ್ಯಾಲಯದ ಆವರಣದಲ್ಲಿ ಗೂಡು ಕಟ್ಟುವ ಮಾಕಿಂಗ್‌ಬರ್ಡ್‌ಗಳೂ ಇದನ್ನು ಮಾಡಿ ತೋರಿಸಿವೆ. ಡಗ್ಲಸ್ ಲೀವಿ ಅವರ ತಂಡ 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಬ್ಬರೇ ವ್ಯಕ್ತಿ ಸತತ ನಾಲ್ಕು ದಿನ ಗೂಡಿನ ಬಳಿ ಬಂದು, ಪ್ರತಿ ಸಲ ಒಟ್ಟು 30 ಸೆಕೆಂಡು ನಿಂತು, ಗೂಡಿನ ಅಂಚು ಮುಟ್ಟಿ ಹೋಗುತ್ತಿದ್ದರು. ಎರಡು ಭೇಟಿ ಮುಗಿಯುವಷ್ಟರಲ್ಲಿ ಹಕ್ಕಿಗೆ ಆಸಾಮಿ ಗೊತ್ತಾಗಿಬಿಟ್ಟಿದ್ದ. ಆಮೇಲಾಮೇಲೆ ಅವರು ದೂರವಿರುವಾಗಲೇ ಗೂಡು ಬಿಟ್ಟು ಎದ್ದು, ಕೂಗಿ, ತಲೆಯ ಮೇಲೆ ಎರಗುತ್ತಿತ್ತು. ಐದನೆಯ ದಿನ ಬೇರೊಬ್ಬರು ಬಂದಾಗ ಮತ್ತೆ ಮೊದಲ ದಿನದ ತಾಳ್ಮೆ. ಆ ಗೂಡುಗಳ ಪಕ್ಕದಲ್ಲೇ ದಿನವೂ ವಿದ್ಯಾರ್ಥಿಗಳ ಹಿಂಡು ಹಾದುಹೋಗುತ್ತಿತ್ತು ಎಂಬುದನ್ನು ನೆನಪಿಡಿ. ಎಂದರೆ ಒಂದೇ ಹಕ್ಕಿ ಒಂದೇ ಕಾಲಕ್ಕೆ ಗುಂಪಿಗೆ ಒಗ್ಗಿಕೊಂಡಿರಬಹುದು, ಒಬ್ಬ ವ್ಯಕ್ತಿಯ ವಿಷಯದಲ್ಲಿ ದಿನೇ ದಿನೇ ಕೆರಳುತ್ತಿರಬಹುದು.

ಇನ್ನು ನಿಮ್ಮ ಮೊದಲ ಪ್ರಶ್ನೆ, ಒಗ್ಗಿಕೊಳ್ಳುವುದು ಹೇಗೆ ಎಂಬುದು. ಇಲ್ಲಿ ಸ್ವಲ್ಪ ನಿಧಾನಿಸಬೇಕು, ಏಕೆಂದರೆ ಒಗ್ಗಿಕೊಳ್ಳುವುದು ಎಂಬ ಒಂದೇ ಮಾತಿನಡಿ ನಾವು ಮೂರು ಬೇರೆ ಬೇರೆ ಸಂಗತಿಗಳನ್ನು ತುರುಕುತ್ತೇವೆ. ಜನಸಂದಣಿಯ ಜಾಗದಲ್ಲಿ ಹಕ್ಕಿಗಳು ಮನುಷ್ಯರನ್ನು ಹೆಚ್ಚು ಸಹಿಸುತ್ತವೆ ಎಂಬುದರಲ್ಲಿ ಅನುಮಾನವಿಲ್ಲ. 2015ರಲ್ಲಿ ಡಿಯೋಗೋ ಸಾಮಿಯಾ ಮತ್ತು ಸಂಗಡಿಗರು ಹಕ್ಕಿ, ಹಲ್ಲಿ, ಸಸ್ತನಿಗಳು ಸೇರಿ 212 ಜಾತಿಗಳ ಅಳತೆಗಳನ್ನು ಒಟ್ಟುಗೂಡಿಸಿ ಇದನ್ನು ಖಚಿತಪಡಿಸಿದ್ದಾರೆ. ಪ್ರಶ್ನೆ ಇರುವುದು, ಆ ಸಹನೆ ಬಂದದ್ದು ಎಲ್ಲಿಂದ ಎಂಬುದರಲ್ಲಿ.

ಮೊದಲನೆಯದು ನಿಜವಾದ ಕಲಿಕೆ. ನೂರು ಸಲ ಮನುಷ್ಯ ಬಂದ, ನೂರು ಸಲವೂ ಏನೂ ಆಗಲಿಲ್ಲ. ನೂರ ಒಂದನೆಯ ಸಲ ಹಕ್ಕಿ ಕಡಿಮೆ ಅಂಜುತ್ತದೆ. ಹಂಗೇರಿಯಲ್ಲಿ ಗುಬ್ಬಚ್ಚಿಗಳನ್ನು ಹಿಡಿದು ಪರೀಕ್ಷಿಸಿದಾಗ, ಪಟ್ಟಣದ ಗುಬ್ಬಚ್ಚಿಗಳು ಮನುಷ್ಯರ ಕಾಟಕ್ಕೆ ಹಳ್ಳಿಯವಕ್ಕಿಂತ ಬೇಗ ಒಗ್ಗಿಕೊಂಡವು. ಸಹನೆಯಲ್ಲಷ್ಟೇ ಅಲ್ಲ, ಸಹನೆಯನ್ನು ಕಲಿಯುವ ವೇಗದಲ್ಲೇ ವ್ಯತ್ಯಾಸವಿತ್ತು.

ಎರಡನೆಯದು ಆಯ್ಕೆ, ಜನ ಇದನ್ನು ಬಹುತೇಕ ಮರೆತೇಬಿಡುತ್ತಾರೆ. ಅರ್ಜೆಂಟೀನಾದ ಬಿಲಗೂಬೆಗಳ ಮೇಲೆ ಮಾರ್ಟಿನಾ ಕರ್ರೆಟೆ ಮತ್ತು ಹೋಸೆ ತೆಯ್ಯಾ ವರ್ಷಗಟ್ಟಲೆ ನಡೆಸಿದ ಅಧ್ಯಯನ ನನ್ನ ಯೋಚನೆಯನ್ನೇ ತಿರುಗಿಸಿತು. ಈ ಪುಟ್ಟ ಗೂಬೆಗಳು ನೆಲದ ಬಿಲದಲ್ಲಿ ಬಾಳುತ್ತವೆ, ಬಯಲಲ್ಲೂ ಇವೆ, ಊರಿನ ಮನೆಗಳ ನಡುವೆಯೂ ಇವೆ. ಊರಿನವುಗಳ ಹಾರುವ ದೂರ ತೀರ ಕಡಿಮೆ, ಬಯಲಿನವುಗಳದು ಬಹಳ ಹೆಚ್ಚು. ಇಷ್ಟು ಕೇಳಿದರೆ ಯಾರಾದರೂ ಊರಿನವು ಒಗ್ಗಿಕೊಂಡಿವೆ ಎನ್ನುತ್ತಾರೆ. ಆದರೆ ಅದೇ ಗೂಬೆಯನ್ನು ಮತ್ತೆ ಮತ್ತೆ, ವರ್ಷದ ಮೇಲೆ ವರ್ಷ ಅಳೆದಾಗ ಅದರ ದೂರ ಹೆಚ್ಚುಕಡಿಮೆ ಬದಲಾಗಲೇ ಇಲ್ಲ. ಪುಕ್ಕಲು ಗೂಬೆ ಕೊನೆಯವರೆಗೂ ಪುಕ್ಕಲು, ಗಟ್ಟಿಗ ಗೂಬೆ ಮೊದಲಿಂದಲೂ ಗಟ್ಟಿಗ. ಎಂದರೆ ಊರು ಗೂಬೆಗೆ ಧೈರ್ಯ ಕಲಿಸಿದ್ದಕ್ಕಿಂತ ಹೆಚ್ಚಾಗಿ, ಧೈರ್ಯವಿದ್ದ ಗೂಬೆಗಳು ಊರಲ್ಲಿ ನೆಲೆ ನಿಂತವು, ಉಳಿದವು ಬಯಲಲ್ಲೇ ಉಳಿದವು. ನಿಮ್ಮ ರಸ್ತೆಯ ಕಾಗೆಗೂ ಬಯಲ ಕಾಗೆಗೂ ಇರುವ ಅಂತರದಲ್ಲಿ ಎಷ್ಟು ಪಾಲು ಕಲಿಕೆ, ಎಷ್ಟು ಪಾಲು ಹೀಗೆ ಜರಡಿ ಹಿಡಿದದ್ದು ಎಂದು ಬರಿಗಣ್ಣಿನಲ್ಲಿ ಹೇಳಲು ಬರುವುದಿಲ್ಲ. ಅದೇ ಹಕ್ಕಿಯನ್ನು ಗುರುತಿಟ್ಟು ಹಿಂಬಾಲಿಸಿದರೆ ಮಾತ್ರ ಗೊತ್ತಾದೀತು.

ಮೂರನೆಯದು ರಕ್ತದಲ್ಲೇ ಬಂದದ್ದು. ಯುರೋಪಿನ ಕರಿಹಕ್ಕಿ ಮೂಲತಃ ಕಾಡಿನ ಸಂಕೋಚದ ಹಕ್ಕಿ. ಈಗ ನಗರದ ಉದ್ಯಾನಗಳಲ್ಲೆಲ್ಲ ಇದೆ. ಯೆಸ್ಕೋ ಪಾರ್ಟೆಕೆ ಮತ್ತು ಸಂಗಡಿಗರು ಮ್ಯೂನಿಕ್ ನಗರದ ಮರಿಗಳನ್ನೂ ಕಾಡಿನ ಮರಿಗಳನ್ನೂ ಗೂಡಿನಿಂದಲೇ ತಂದು, ಕೈಯಾರೆ, ಒಂದೇ ಬಗೆಯಲ್ಲಿ ಸಾಕಿದರು. ಬೆಳೆದ ಮೇಲೆ ಹಿಡಿದು ಒತ್ತಡ ಕೊಟ್ಟಾಗ ರಕ್ತದಲ್ಲಿ ಏರುವ ಕಾರ್ಟಿಕೋಸ್ಟೆರಾನ್ ಎಂಬ ಹಾರ್ಮೋನು ನಗರದ ಕುಲದವುಗಳಲ್ಲಿ ಕಡಿಮೆಯಿತ್ತು. ಇದು 2006ರ ವರದಿ. ಮೆಲ್ಬರ್ನ್ ಬಳಿಯ ಕಪ್ಪು ಹಂಸಗಳಲ್ಲಿ, ಅಂಜಿಕೆಗೆ ಸಂಬಂಧಿಸಿದ ಒಂದು ಜೀನಿನ ರೂಪಗಳು ನಗರದ ಕೆರೆಯಲ್ಲಿ ಒಂದು ಪ್ರಮಾಣದಲ್ಲಿ, ಹೊರವಲಯದ ನೀರಿನಲ್ಲಿ ಇನ್ನೊಂದು ಪ್ರಮಾಣದಲ್ಲಿ ಇದ್ದುದು 2015ರಲ್ಲಿ ಪ್ರಕಟವಾಯಿತು. 2020ರಲ್ಲಿ ಕೊರೊನಾದಿಂದಾಗಿ ಬೀದಿಗಳೆಲ್ಲ ಖಾಲಿಯಾದಾಗ, ಹಕ್ಕಿಗಳು ಮತ್ತೆ ಅಂಜುಬುರುಕ ಆಗುತ್ತವೆಯೇ ಎಂದು ನಾವೆಲ್ಲ ಕುತೂಹಲದಿಂದ ಕಾದಿದ್ದೆವು. ಯುರೋಪ್ ಮತ್ತು ಆಸ್ಟ್ರೇಲಿಯಾದ ನಗರಗಳ ಅಳತೆಗಳಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ನಗರದ ಹಕ್ಕಿಯ ಸಹನೆ ಕೆಲವು ತಿಂಗಳ ನೆನಪಿನ ಮೇಲೆ ಮಾತ್ರ ನಿಂತಿದ್ದರೆ ಅದು ಸಡಿಲವಾಗಬೇಕಿತ್ತು.

ಇಲ್ಲಿ ಡಾರ್ವಿನ್ನರ ಮಾತು ತೆಗೆಯದೆ ಮುಂದೆ ಹೋಗಲಾರೆ. 1835ರಲ್ಲಿ ಗಲಪಗೋಸ್ ದ್ವೀಪಗಳಿಗೆ ಹೋದಾಗ ಅವರು ಕೊಂಬೆಯ ಮೇಲಿದ್ದ ಗಿಡುಗವೊಂದನ್ನು ಬಂದೂಕಿನ ತುದಿಯಿಂದ ತಳ್ಳಿದ್ದರು. ಜನ ನೆಲೆಸಿ ಕೆಲವೇ ವರ್ಷವಾಗಿದ್ದ ಒಂದು ದ್ವೀಪದಲ್ಲಿ ಹುಡುಗನೊಬ್ಬ ಬಾವಿಯ ಬಳಿ ಕೋಲು ಹಿಡಿದು ಕೂತು, ನೀರಿಗೆ ಬಂದ ಪಾರಿವಾಳಗಳನ್ನೂ ಪುಟ್ಟ ಫಿಂಚ್‌ಗಳನ್ನೂ ಬಡಿದು ಹಾಕುತ್ತಿದ್ದ. ಆದರೂ ಹಕ್ಕಿಗಳು ಬರುತ್ತಲೇ ಇದ್ದವು. ಇದನ್ನೆಲ್ಲ ನೋಡಿ ಡಾರ್ವಿನ್, ಮನುಷ್ಯನ ಭಯ ಹಕ್ಕಿಗೆ ತನ್ನ ಜೀವಮಾನದಲ್ಲಿ ಬೇಗ ಬರುವಂಥದ್ದಲ್ಲ, ತಲೆಮಾರುಗಳಲ್ಲಿ ನಿಧಾನವಾಗಿ ಇಳಿದುಬರುವ ಸಹಜ ಪ್ರವೃತ್ತಿ ಎಂದು ತೀರ್ಮಾನಿಸಿದರು. 30 ಸೆಕೆಂಡಿನ ಎರಡು ಭೇಟಿಯಲ್ಲಿ ಕಲಿತ ಫ್ಲಾರಿಡಾದ ಹಕ್ಕಿಗಳನ್ನು ನೋಡಿದ್ದರೆ ಏನೆನ್ನುತ್ತಿದ್ದರೋ. ನನ್ನ ಅಭಿಪ್ರಾಯ ಇಷ್ಟು: ಕಲಿಯಲು ಹಕ್ಕಿ ಬದುಕಿರಬೇಕು. ಬಾವಿಯ ಬಳಿ ಕೋಲಿನೇಟು ತಿಂದ ಪಾರಿವಾಳ ಪಾಠವನ್ನು ಯಾರಿಗೂ ತಲುಪಿಸಲಿಲ್ಲ. ಸಿಯಾಟಲ್‌ನ ಏಳು ಕಾಗೆಗಳು ಹಿಡಿಸಿಕೊಂಡು, ಬಿಡಿಸಿಕೊಂಡು, ಕೂಗಿ ಹೇಳಲು ಉಳಿದಿದ್ದವು. ಜೊತೆಗೆ, ಹಿಂಸಕ ಪ್ರಾಣಿಗಳೇ ಕಡಿಮೆ ಇರುವ ದ್ವೀಪದ ಹಕ್ಕಿಗೆ ತನ್ನತ್ತ ಬರುವ ದೊಡ್ಡ ಪ್ರಾಣಿ ಎಂದರೆ ಅಪಾಯ ಎಂಬ ಮೊದಲ ಅನುಮಾನವೇ ಇರುವುದಿಲ್ಲ. ಅಂಥ ಹಕ್ಕಿಗಳಲ್ಲಿ ಈಗ ಅಳಿದುಹೋಗಿರುವ ಡೋಡೋ ಒಂದು.

ಈಗ ಕೂತ ಹಕ್ಕಿಗೆ ಮರಳೋಣ. ಅದರ ಒಳಗೆ ನಡೆಯುವುದನ್ನು ನೋಡಲು ಗೂಡಿನೊಳಗೆ ಮೊಟ್ಟೆಯ ಆಕಾರದ ಉಪಕರಣ ಇಟ್ಟು ಹೃದಯಬಡಿತ ಕೇಳುವ ವಿಧಾನ ಬಂದಿದೆ. ಚಿಲಿಯ ಹಂಬೋಲ್ಟ್ ಪೆಂಗ್ವಿನ್‌ಗಳ ಮೇಲೆ ಊರ್ಸುಲಾ ಎಲನ್‌ಬರ್ಗ್ ಮತ್ತು ತಂಡ 2006ರಲ್ಲಿ ವರದಿ ಮಾಡಿದ್ದು ಹೀಗೆ: 150 ಮೀಟರ್ ದೂರದಲ್ಲಿ ಒಬ್ಬರು ಸುಮ್ಮನೆ ಹಾದುಹೋದರೂ ಕಾವು ಕೂತ ಪೆಂಗ್ವಿನ್‌ನ ಎದೆಬಡಿತ ಏರುತ್ತಿತ್ತು. ಹತ್ತಿರ ಹೋದಾಗ ಏರಿದ ಬಡಿತ ಮತ್ತೆ ಇಳಿಯಲು ಅರ್ಧ ಗಂಟೆಯವರೆಗೂ ಹಿಡಿಯುತ್ತಿತ್ತು. ಹಕ್ಕಿ ಮಾತ್ರ ಕೂತಲ್ಲೇ ಕೂತಿತ್ತು. ಇದಕ್ಕೆ ತೀರ ವಿರುದ್ಧವಾಗಿ, ನಾರ್ವೆಯಲ್ಲಿ 1980ರ ದಶಕದಲ್ಲಿ ನೆಲದಲ್ಲಿ ಗೂಡು ಮಾಡುವ ಟಾರ್ಮಿಗನ್ ಎಂಬ ಹಕ್ಕಿಯ ಹೆಣ್ಣುಗಳನ್ನು ಪರೀಕ್ಷಿಸಿದಾಗ ಮನುಷ್ಯ ಹತ್ತಿರವಾದಂತೆ ಎದೆಬಡಿತ ಇಳಿಯಿತು, ಉಸಿರೂ ತಗ್ಗಿತು. ನೆಲದ ಬಣ್ಣದಲ್ಲಿ ಕರಗಿ ಕೂತ ಹಕ್ಕಿಗೆ ಅಲ್ಲಾಡದಿರುವುದೇ ಕೋಟೆ. ಝಾಂಬಿಯಾದ ನತ್ತಿಂಗ (ನೈಟ್‌ಜಾರ್) ಎಂಬ ಇರುಳುಹಕ್ಕಿಗಳಲ್ಲಿ, ಹಿನ್ನೆಲೆಗೆ ಮೈಬಣ್ಣ ಚೆನ್ನಾಗಿ ಹೊಂದಿದ ಹಕ್ಕಿ ಮನುಷ್ಯನನ್ನು ಹೆಚ್ಚು ಹತ್ತಿರ ಬರಗೊಡುತ್ತದೆ ಎಂದು 2016ರಲ್ಲಿ ತೋರಿಸಿದ್ದಾರೆ. ಆದ್ದರಿಂದ ನಿಮ್ಮ ಕಾಲಬುಡದಲ್ಲಿ ನಿಶ್ಚಲವಾಗಿ ಕೂತ ನತ್ತಿಂಗವನ್ನು ಸಾಧು ಹಕ್ಕಿ ಎಂದು ಕರೆಯಬೇಡಿ. ಅದು ಉಸಿರು ಬಿಗಿಹಿಡಿದು ನೀವು ಹೋಗುವುದನ್ನು ಕಾಯುತ್ತಿದೆ.

ಇನ್ನೂ ಕಟುವಾದ ಉದಾಹರಣೆ ಈಕ್ವಡಾರಿನ ಹೊಆಟ್ಸಿನ್ ಹಕ್ಕಿಯದು. ಪ್ರವಾಸಿಗರ ದೋಣಿ ಓಡಾಡುವ ಕೆರೆಗಳಲ್ಲಿ ಕಾವು ಕೂತ ದೊಡ್ಡ ಹಕ್ಕಿಗಳು ಜನರನ್ನು ಹೆಚ್ಚು ಹತ್ತಿರ ಬರಗೊಡುತ್ತಿದ್ದವು, ಎಂದರೆ ಒಗ್ಗಿಕೊಂಡಂತೆಯೇ ಕಾಣುತ್ತಿದ್ದವು. ಆದರೆ 2004ರಲ್ಲಿ ಪ್ರಕಟವಾದ ಅಂಟ್ಯೆ ಮ್ಯೂಲ್ನರ್ ಮತ್ತು ಸಂಗಡಿಗರ ಅಧ್ಯಯನದ ಪ್ರಕಾರ ಆ ಕಡೆಯ ಮರಿಗಳಲ್ಲಿ ಬದುಕಿ ಉಳಿದವು ಜನರಿಲ್ಲದ ಕಡೆಗಿಂತ ಕಡಿಮೆ, ಒತ್ತಡದ ಹಾರ್ಮೋನಿನ ಏರಿಕೆ ಹೆಚ್ಚು. ತಾಯಿತಂದೆಯ ನೆಮ್ಮದಿ ನೋಡಿ ತೃಪ್ತಿಪಟ್ಟಿದ್ದರೆ ಮರಿಗಳ ಕಥೆ ಯಾರಿಗೂ ತಿಳಿಯುತ್ತಿರಲಿಲ್ಲ. ಎಲ್ಲ ಹಕ್ಕಿಗಳೂ ಹೀಗೆ ಒಳಗೊಳಗೇ ಬೇಯುತ್ತಿವೆ ಎಂದೂ ತಿಳಿಯಬೇಡಿ. ಅರ್ಜೆಂಟೀನಾದ ಮ್ಯಾಗೆಲನ್ ಪೆಂಗ್ವಿನ್‌ಗಳಲ್ಲಿ, ದಿನವೂ ಪ್ರವಾಸಿಗರನ್ನು ಕಾಣುವ ವಯಸ್ಕ ಹಕ್ಕಿಗಳ ಹಾರ್ಮೋನೂ ನಿಜಕ್ಕೂ ಇಳಿದಿದ್ದು ದಾಖಲಾಗಿದೆ. ಜಾತಿ, ವಯಸ್ಸು, ಜಾಗ ಬದಲಾದಂತೆ ಉತ್ತರವೂ ಬದಲಾಗುತ್ತದೆ.

ನಾಯಿಯ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು. ಸಿಡ್ನಿಯ ಹೊರವಲಯದ ಕಾಡುದಾರಿಗಳಲ್ಲಿ ನಡೆಸಿ 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹಗ್ಗ ಕಟ್ಟಿದ ನಾಯಿಯೊಡನೆ ನಡೆದುಹೋದಾಗ ಕಾಣಸಿಕ್ಕ ಹಕ್ಕಿಗಳ ಜಾತಿಗಳಲ್ಲಿ ಶೇ. 35, ಸಂಖ್ಯೆಯಲ್ಲಿ ಶೇ. 41 ಇಳಿಕೆಯಾಯಿತು. ನಾಯಿಯಿಲ್ಲದೆ ನಡೆದವರ ಪರಿಣಾಮ ಅದರ ಅರ್ಧಕ್ಕಿಂತಲೂ ಕಡಿಮೆ. ನಾಯಿಗಳು ದಿನಾ ಓಡಾಡುವ ದಾರಿಯಲ್ಲೂ ಹಕ್ಕಿಗಳು ಅವಕ್ಕೆ ಒಗ್ಗಿಕೊಂಡಿರಲಿಲ್ಲ.

ಹಾಗಾದರೆ ಎಷ್ಟು ಹತ್ತಿರ ಹೋಗಬಹುದು? ಮೀಟರಿನಲ್ಲಿ ಒಂದು ಸಂಖ್ಯೆ ಕೇಳಿದರೆ ಕೊಡಲಾರೆ, ಕೊಟ್ಟರೆ ಮುಂದಿನ ಹಕ್ಕಿಗೇ ಅದು ತಪ್ಪಾಗುತ್ತದೆ. ನಾನು ಪಾಲಿಸುವ ಗೆರೆ ಹಾರುವ ದೂರವಲ್ಲ, ಎಚ್ಚರದ ದೂರ. ಹಕ್ಕಿ ಮೇವು ನಿಲ್ಲಿಸಿತೇ, ಕುತ್ತಿಗೆ ಉದ್ದ ಮಾಡಿತೇ, ಪುಕ್ಕ ಮೈಗೆ ಅಂಟಿಸಿಕೊಂಡಿತೇ, ಬಾಲ ಕುಣಿಸಿತೇ, ಎಂದರೆ ಎರಡನೆಯ ಬಿಲ್ಲೆ ಬಿದ್ದಾಯಿತು, ಅಲ್ಲಿಗೆ ನನ್ನ ಮುನ್ನಡೆ ಮುಗಿಯಿತು. ಮುಖ ಬೇರೆಡೆ ಇದೆ ಎಂದು ಮೋಸಹೋಗಬೇಡಿ. ಬಹುಪಾಲು ಹಕ್ಕಿಗಳ ಕಣ್ಣು ತಲೆಯ ಎರಡು ಪಕ್ಕದಲ್ಲಿರುವುದರಿಂದ, ನಿಮಗೆ ಮಗ್ಗುಲು ತೋರಿಸಿ ಕೂತಾಗಲೇ ಅದು ನಿಮ್ಮನ್ನು ಚೆನ್ನಾಗಿ ನೋಡುತ್ತಿರುತ್ತದೆ. ಆಮೇಲೆ ನಾನೂ ದೃಷ್ಟಿ ತಗ್ಗಿಸಿ, ಒಂದೆರಡು ಹೆಜ್ಜೆ ಹಿಂದೆ ಸರಿದು, ಸಾಧ್ಯವಾದರೆ ಕೂತುಬಿಡುತ್ತೇನೆ. ಹಕ್ಕಿ ಮತ್ತೆ ಮೇಯತೊಡಗಿದರೆ ಮಾತ್ರ ಕ್ಯಾಮೆರಾ, ಅದೂ ಮೊದಲೇ ಎದೆಮಟ್ಟಕ್ಕೆ ಎತ್ತಿ ಹಿಡಿದದ್ದು. ಎಷ್ಟೋ ಸಲ ಹೀಗೆ ಕೂತಾಗ ಹಕ್ಕಿಯೇ ಮೇಯುತ್ತ ಮೇಯುತ್ತ ನನ್ನತ್ತ ಬಂದಿದೆ. ಅಂತರವನ್ನು ಅದು ತೀರ್ಮಾನಿಸಿದಾಗ ಅಳತೆಯೇ ಬೇರೆ. ಗೂಡಿನ ಹತ್ತಿರವಾದರೆ ಈ ಯಾವ ಉಪಾಯವೂ ಬೇಡ. ಮೊಟ್ಟೆ ಒಡೆಯುವ ದಿನ ಹತ್ತಿರವಾದಷ್ಟೂ ತಾಯಿಹಕ್ಕಿ ಗೂಡು ಬಿಟ್ಟೇಳಲು ಹಿಂದೆಗೆಯುತ್ತದೆ, ಕೈಗೆಟಕುವಷ್ಟು ಹತ್ತಿರ ಹೋದರೂ ಕೂತಿದ್ದೀತು, ಅದರ ಚಿತ್ರ ಬಹಳ ಚೆನ್ನಾಗಿಯೂ ಬರುತ್ತದೆ. ಅಂಥ ಚಿತ್ರಗಳನ್ನು ಯಾರಾದರೂ ನನಗೆ ಹೆಮ್ಮೆಯಿಂದ ತೋರಿಸಿದರೆ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ನೀವು ಅಲ್ಲಿಂದ ಹೊರಟ ಮೇಲೆ ಮರೆಯಿಂದ ನೋಡಿದಿರಾ, ಅದು ತಲೆ ತಗ್ಗಿಸಲು ಎಷ್ಟು ಹೊತ್ತು ತೆಗೆದುಕೊಂಡಿತು?